ಮದುವೆ ಸ್ಲೈಡಿನ ಕೆಂಪು

"ಬಣ್ಣ ಸರಿ ಮಾಡೋದೇನು ಬ್ರಹ್ಮವಿದ್ಯೆನಾ? ಎರಡು ಕ್ಲಿಕ್, ಅಷ್ಟೇ!"

ಜೆ.ಪಿ. ನಗರದ ನಮ್ಮ ಮನೆಯಲ್ಲಿ ಹೀಗೆ ಘೋಷಿಸಿದವನು ನಾನೇ, ರವಿಕಿರಣ್. ಕೇಳಿಸಿಕೊಂಡವಳು ಹೆಂಡತಿ ಬಿಂದುಶ್ರೀ. ಸಾಕ್ಷಿಗೆ, ಹಿಂದಿನ ದಿನವಷ್ಟೇ ಮನೆತುಂಬಿದ ಹೊಸ ಸ್ಕ್ಯಾನರ್.

ವಿಷಯ ಇಷ್ಟು. 2003ರ ಮೇ ತಿಂಗಳಿಗೆ ನನ್ನ ಅತ್ತೆ ಮುನಿಲಕ್ಷ್ಮಮ್ಮ, ಮಾವ ಬೋರಣ್ಣನವರ ಮದುವೆಗೆ ಮೂವತ್ತು ವರ್ಷ. ಪುಟ್ಟೇನಹಳ್ಳಿಯಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದ ಕಾಲದ ಮದುವೆ. ಮಾವನವರ ಗೆಳೆಯ ಪರಮಶಿವಯ್ಯ ಎಲ್ಲಿಂದಲೋ ಕ್ಯಾಮೆರಾ ತಂದು ಬಣ್ಣದ ಸ್ಲೈಡುಗಳನ್ನು ತೆಗೆದುಕೊಟ್ಟಿದ್ದರಂತೆ. ಸ್ಲೈಡೆಂದರೆ ಅಂಚೆಚೀಟಿಗಿಂತ ತುಸು ದೊಡ್ಡ ಫಿಲ್ಮು, ಸುತ್ತ ರಟ್ಟಿನ ಚೌಕಟ್ಟು; ಬೆಳಕು ಬಿಟ್ಟು ಗೋಡೆಯ ಮೇಲೆ ನೋಡಬೇಕು. ಆ ಯಂತ್ರ ಊರಲ್ಲಿ ಯಾರ ಬಳಿಯೂ ಇರಲಿಲ್ಲ. ಹಾಗಾಗಿ ಮದುವೆ ಮೂವತ್ತು ವರ್ಷ ಬಿಸ್ಕತ್ತಿನ ಡಬ್ಬದಲ್ಲೇ ಸಂಸಾರ ಮಾಡಿತ್ತು! ಧಾರೆಯ ಚಿತ್ರವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಅವರ ಕೈಗಿಡುವುದು ನನ್ನ ಮಹಾಸಂಕಲ್ಪ.

ಸ್ಕ್ಯಾನ್ ಮಾಡಿದೆ. ಪರದೆಯಲ್ಲಿ ಮೂಡಿದ ಮದುವೆ ಕೆಂಪೋ ಕೆಂಪು! ಮಾವ ಕೆಂಪು, ಅತ್ತೆ ಕೆಂಪು, ಪುರೋಹಿತರ ಗಡ್ಡವೂ ಕೆಂಪು.

"ಫಿಲ್ಮ್ ಹಳೇದಾಗಿ ಬಣ್ಣ ತಿರುಗಿದೆ. ಇದಕ್ಕೆ ಕಲರ್ ಕಾಸ್ಟ್ ಅಂತಾರೆ," ಎಂದೆ ದೊಡ್ಡ ಡಾಕ್ಟರನ ಗತ್ತಿನಲ್ಲಿ.

"ಅಯ್ಯೋ ಶಿವನೇ, ಬಣ್ಣದಲ್ಲೂ ಕ್ಯಾಸ್ಟಾ? ಅಮ್ಮನ್ನ ಒಂದ್ಮಾತು ಕೇಳ್ರೀ, ಸೀರೆ ಯಾವ ಬಣ್ಣ ಅಂತ."

"ಸರ್‌ಪ್ರೈಸ್ ಹಾಳಾಗುತ್ತೆ ಬಿಂದು! ಚಿತ್ರದಲ್ಲಿ ಯಾವುದು ಬಿಳಿ ಅಂತ ತೋರಿಸಿದ್ರೆ ಸಾಕು, ಉಳಿದಿದ್ದನ್ನೆಲ್ಲ ಕಂಪ್ಯೂಟರೇ ಸರಿ ಮಾಡುತ್ತೆ. ಮದುವೆಗಂಡಿನ ಪಂಚೆ ಬಿಳಿ ತಾನೆ?"

ಪಂಚೆಯ ಮೇಲೆ ಕ್ಲಿಕ್ ಮಾಡಿದೆ. ಪಂಚೆ ಹಾಲಿನಂತೆ ಬೆಳ್ಳಗಾಯಿತು. ಮಾವ ನೀಲಿಯಾದರು!

"ಬಟ್ಟೆಗೆ ಹಾಕೋ ನೀಲಿಯಲ್ಲಿ ಅಪ್ಪನ್ನ ಅದ್ದಿ ತೆಗ್ದಂಗಿದೆ!" ಎಂದು ಚೀರಿದಳು ಬಿಂದು.

ಹಳದಿ ಸೇರಿಸಿದೆ. ಅತ್ತೆ ಗಿಣಿಯಾದರು. ಗಾಬರಿಯಲ್ಲಿ ಇನ್ನೊಂದು ಕಡೆ ಎಳೆದೆ, ಪುರೋಹಿತರು ಬದನೆಕಾಯಿಯಾದರು! ತಪ್ಪು ನನ್ನದಿರಲು ಸಾಧ್ಯವೇ? ಕೋಣೆಯ ಬೆಳಕಿನದು! ಬಿಂದು ಆಸೆಪಟ್ಟು ಹೊಲಿಸಿದ್ದ ಗುಲಾಬಿ ಪರದೆಗಳನ್ನು ಕಿತ್ತೆ. ಕಿಟಕಿಗೆ ಕಂಬಳಿ ಹೊದಿಸಿದೆ. ಟ್ಯೂಬ್‌ಲೈಟ್ ಆರಿಸಿದೆ. ಹಾಡುಹಗಲಲ್ಲಿ ಬಿಂದು ತಡವರಿಸಿಕೊಂಡು ನಡೆದು, ಸ್ಟೂಲಿಗೆ ಎಡವಿ, ಸ್ಕ್ಯಾನರಿಗೂ ನನಗೂ ಸೇರಿಸಿಯೇ ಶಾಪ ಹಾಕಿದಳು.

ಭಾನುವಾರ ಸಂಜೆಯ ಹೊತ್ತಿಗೆ ಮನುಷ್ಯರು ಮನುಷ್ಯರ ಬಣ್ಣಕ್ಕೆ ಬಂದರು. ಪಂಚೆ ಅಚ್ಚ ಬಿಳಿ. ಭೇಷ್! ಜಯನಗರ ನಾಲ್ಕನೇ ಬ್ಲಾಕಿನ ಸ್ಟುಡಿಯೋಗೆ ಓಡಿ ಪ್ರಿಂಟ್ ಹಾಕಿಸಿದೆ, ಚಿನ್ನದ ಬಣ್ಣದ ಕಟ್ಟು ಹಾಕಿಸಿದೆ.

ಮದುವೆಗೆ ಮೂವತ್ತು ತುಂಬಿದ ದಿನ ಪುಟ್ಟೇನಹಳ್ಳಿಯ ಅತ್ತೆಮನೆ ತುಂಬ ನೆಂಟರು. ಚಿತ್ರಕ್ಕೆ ಸುತ್ತಿದ್ದ ಕಾಗದವನ್ನು ದಿಗ್ವಿಜಯಿಯಂತೆ ಸರಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಯಾರ್ ಮದ್ವೆ ಇದು?"

"ನಿಮ್ಮದೇ ಅತ್ತೆ!"

"ನಂದಾ? ನನ್ನ ಕುಂಕುಮದ ಬಣ್ಣದ ಸೀರೆಗೆ ಕಾಫಿ ಯಾರು ಚೆಲ್ಲಿದ್ರು? ಇವ್ರ ಪಂಚೆ ಯಾಕೆ ಬೆಳ್ಳಗಿದೆ? ಅರಿಶಿನದಲ್ಲಿ ಅದ್ದಿದ್ದಲ್ವಾ ಅದು!"

ಬಿಂದು ನನ್ನನ್ನು ನೋಡಿದಳು. ನಾನು ಫ್ಯಾನ್ ನೋಡಿದೆ.

"ಸ್ಲೈಡು ಪೂರ್ತಿ ಕೆಂಪಾಗಿ ಹಾಳಾಗಿತ್ತು ಅತ್ತೆ..." ಎಂದು ತೊದಲುತ್ತ ಜೇಬಿನಿಂದ ತೆಗೆದುಕೊಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು.

"ಹಾಳಾಗಿಲ್ಲ ಅಳಿಯಂದ್ರೇ. ಕೆಂಪು ಶಾಮಿಯಾನ ಹಾಕ್ಸಿದ್ರು, ಮೇಲೆ ಸುಡೋ ಬಿಸ್ಲು. ಎಲ್ರೂ ಹಿಂಗೇ ಕಾಣ್ತಿದ್ರು. ನಾನು ತಲೆ ಎತ್ತಿ ಮೊದಲ್ನೇ ಸಲ ನೋಡ್ದಾಗ ಇವ್ರ ಮುಖ ಹಿಂಗೇ ಇತ್ತು."

ಸರಿಪಡಿಸಲು ಅಲ್ಲಿ ಏನೂ ಇರಲೇ ಇಲ್ಲ! ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಎಣ್ಣೆಗಪ್ಪಿನ ನಮ್ಮ ಮಾವ ಸ್ಲೈಡು ಇಸಿದುಕೊಂಡು ನೋಡಿದರು, ನನ್ನ ಕಟ್ಟಿನ ಚಿತ್ರವನ್ನೂ ನೋಡಿದರು, ಆಮೇಲೆ ನಿಟ್ಟುಸಿರು ಬಿಟ್ಟರು.

"ಜೀವ್ಮಾನದಲ್ಲಿ ನಾನು ಕೆಂಪಗೆ ಕಂಡಿದ್ದು ಅದೊಂದೇ ದಿನ ಅಳಿಯಂದ್ರೇ. ಅದನ್ನೂ ಒಗೆದು ಹಾಕ್ಬಿಟ್ರಲ್ಲ!"