ತಗಡಿನ ಮೇಲೆ ಬಿದ್ದ ಪ್ಯಾಂಟು

ಎಲ್ಲ ಶುರುವಾದದ್ದು ಒಂದು ಗುಟುಕು ಕಾಫಿಯಿಂದ.

ಉತ್ತರದ ಫೆರಾರಾ ಊರಿನ ನೀರಾವರಿ ಕಚೇರಿಯ ಗುಮಾಸ್ತ ಎತ್ತೋರೆ, ಹೆಂಡತಿ ನೊರೀನಾಳ ಜೊತೆ ಎರಡು ದಿನದ ಮಟ್ಟಿಗೆ ದಕ್ಷಿಣದ ನೇಪಲ್ಸ್ ನೋಡಲು ಬಂದಿದ್ದ. ಹಳೆಯ ಓಣಿಯೊಂದರ ಮೂರನೇ ಮಹಡಿಯಲ್ಲಿ ಬಾಡಿಗೆ ಕೋಣೆ. ಬೆಳಿಗ್ಗೆ ಬಾಲ್ಕನಿಯಲ್ಲಿ ನಿಂತು ಲೋಟ ತುಟಿಗಿಟ್ಟಿದ್ದನಷ್ಟೆ, ಎದುರು ಬಾಲ್ಕನಿಯ ಹೆಂಗಸು, "ಹ್ಯಾಂಗೈತ್ರೀ ಕಾಫಿ?" ಎಂದು ಕೂಗಿದಳು. ಎತ್ತೋರೆಯ ಊರಿನಲ್ಲಿ ಗುರುತಿಲ್ಲದವರನ್ನು ಹೀಗೆ ಮಾತಾಡಿಸುವುದು ಬೆಂಕಿ ಬಿದ್ದಾಗ ಮಾತ್ರ. ಅವನು ಬೆಚ್ಚಿಬಿದ್ದ. ಕಾಫಿಯೆಲ್ಲ ಪ್ಯಾಂಟಿನ ಪಾಲಾಯಿತು.

"ಇನ್ನೊಂದು ಪ್ಯಾಂಟು ಇಟ್ಕೋ ಅಂತ ಬಡ್ಕೊಂಡೆ," ಎಂದಳು ನೊರೀನಾ.

"ಎರಡು ದಿನಕ್ಕೆ ಒಬ್ಬ ಮನುಷ್ಯನಿಗೆ ಎಷ್ಟು ಪ್ಯಾಂಟು ಬೇಕು?"

"ಈಗ ಗೊತ್ತಾಯ್ತಲ್ಲ! ಮದುವೆಯಾದಾಗಿಂದ ಆ ವಿಗ್ರಹ ನೋಡ್ಬೇಕು ಅಂತ ಕಾದಿದ್ದೀನಿ. ನಿನ್ನ ಪ್ಯಾಂಟು ಒಣಗೋದಕ್ಕೂ ಕಾಯೋಕಾಗಲ್ಲ. ನಾನು ಹೋಗಿ ಸಾಲಲ್ಲಿ ನಿಂತಿರ್ತೀನಿ. ನೀನು ಬೇಗ ಬಂದ್ರೆ ಸರಿ, ಇಲ್ದಿದ್ರೆ ಜನ್ಮದಲ್ಲಿ ನಿನ್ನ ಮುಖ ತೋರಿಸ್ಬೇಡ!"

ಆ ವಿಗ್ರಹವಾದರೂ ಅಂಥದ್ದೇ. ಶಿಲುಬೆಯಿಂದ ಇಳಿಸಿ ಮಲಗಿಸಿದ ಯೇಸು, ಮೇಲೆ ತೆಳುವಾದ ಹೊದಿಕೆ, ಹೊದಿಕೆಯೂ ಅಮೃತಶಿಲೆಯದೇ. ನೊರೀನಾ ಅದರ ಚಿತ್ರವನ್ನು ಅಡುಗೆಮನೆಯಲ್ಲಿ ಅಂಟಿಸಿಕೊಂಡಿದ್ದಳು.

ಎತ್ತೋರೆ ಪ್ಯಾಂಟು ತೊಳೆದು ಹಿಂದಿನ ಕಿಟಕಿಯ ಹಗ್ಗಕ್ಕೆ ಹಾಕಿದ. ಸಮುದ್ರದ ಕಡೆಯಿಂದ ಗಾಳಿ ಬೀಸಿತು. ಪ್ಯಾಂಟು ಒಮ್ಮೆ ಕಾಲು ಝಾಡಿಸಿ, ಹಗ್ಗ ಬಿಟ್ಟು, ಕೆಳಗೆ ಹಿತ್ತಲ ತಗಡಿನ ಚಾವಣಿಯ ಮೇಲೆ ಅಂಗಾತ ಬಿದ್ದುಕೊಂಡಿತು. ಕೆಳಗಿನ ಮನೆಯವರ ಕಿಟಕಿಯಿಂದ ಕೋಲು ಚಾಚಿದರೆ ಸಿಗಬಹುದೆಂದು ಅವನು ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಹೊರಬಂದ. ಬೆನ್ನ ಹಿಂದೆ ಬಾಗಿಲು ಟಪ್ ಎಂದು ಮುಚ್ಚಿಕೊಂಡಿತು. ಬೀಗದ ಕೈ, ಫೋನು ಎರಡೂ ಒಳಗೆ.

ಕೆಳಗಿನ ಮನೆಯ ಬಾಗಿಲು ತೆರೆದವಳು ಅಸುಂತಾ ಎಂಬ ವಿಧವೆ. ಹಿಂದೆ ನಿಂತವನು ಅವಳ ಮೈದುನ ಮಿಮ್ಮೊ. ಟವೆಲ್ಲಿನ ಗಂಡಸನ್ನು ಕಂಡು ಮಿಮ್ಮೊನ ಹುಬ್ಬು ಮೇಲೇರಿತು.

"ನಮ್ಮ ಪ್ಯಾಂಟು ನಿಮ್ಮ ಕಡೆ ಬಿದ್ದಿದೆ," ಎಂದ ಎತ್ತೋರೆ.

"ನಿಮ್ಮ ಪ್ಯಾಂಟು ನಮ್ಮನ್ಯಾಗ ಯಾಕ ಬೀಳತೈತಿ?" ಎಂದ ಮಿಮ್ಮೊ.

ವಿವರಿಸುವಷ್ಟರಲ್ಲಿ ಎತ್ತೋರೆಯ ಹಣೆ ಬೆವರಿತು. ಕೋಲು ತಂದರು, ತಗಡಿಗೆ ಮುಟ್ಟಲಿಲ್ಲ. ಪೊರಕೆ ಕಟ್ಟಿ ಉದ್ದ ಮಾಡಿದರು. ಪ್ಯಾಂಟು ಇನ್ನೂ ದೂರ ಜಾರಿತು. ಅಸುಂತಾ ಅವನನ್ನು ಮೇಲಿಂದ ಕೆಳಗೆ ನೋಡಿ, "ನಮ್ಮ ಮನಿಯವರ ಅಳತೀನ ಐತಿ," ಎಂದು ಬೀರು ತೆರೆದಳು. ತೀರಿಹೋದ ಚಿರೊನ ಕಪ್ಪು ಸೂಟು ಹೊರಬಂತು.

"ಬರೀ ಪ್ಯಾಂಟು ಸಾಕಮ್ಮ."

"ಕೋಟಿಲ್ಲದ ಪ್ಯಾಂಟು ಹಾಕ್ಕೊಂಡ್ರ ಅವರ ಆತ್ಮಕ್ಕ ಬ್ಯಾಸರಾಗತೈತ್ರಿ."

ಎತ್ತೋರೆ ಸೂಟು ತೊಟ್ಟು ಬಂದದ್ದೇ ತಡ, ಅಸುಂತಾ ಗೋಳೋ ಎಂದಳು. ಮಿಮ್ಮೊ, "ಅಣ್ಣಾ!" ಎಂದು ತಬ್ಬಿದ. "ಸ್ವಲ್ಪ ನಡದಾಡ್ರಿ," ಎಂದರು. ನಡೆದ. "ಅಯ್ಯ, ಥೇಟ್ ಹಂಗs ಐತಿ!" ಚಿರೊ ಯಾರು, ಹೇಗೆ ನಡೆಯುತ್ತಿದ್ದ, ಒಂದೂ ತಿಳಿಯದ ಎತ್ತೋರೆ ಕೀಲು ಕೊಟ್ಟ ಬೊಂಬೆಯಂತೆ ಅತ್ತಿಂದಿತ್ತ ಓಡಾಡಿದ. ಆಮೇಲೆ ಊಟಕ್ಕೆ ಕೂರಿಸಿದರು. ಬೇಡವೆಂದಷ್ಟೂ ತಟ್ಟೆಗೆ ಬದನೆಕಾಯಿ ಬೀಳುತ್ತಿತ್ತು.

"ನನ್ನ ಹೆಂಡ್ತಿ ಕಾಯ್ತಿದ್ದಾಳೆ!"

"ಹೆಂಡ್ರು ಕಾಯಾಕs ಇರೂದು. ನಾ ಇನ್ನೂ ಕಾಯಾಕತ್ತೀನಿ," ಎಂದು ಅಸುಂತಾ ಮತ್ತೆ ಅತ್ತಳು.

ಕೊನೆಗೆ ಮನಸ್ಸು ತಡೆಯದೆ ಅತ್ತಿಗೆ-ಮೈದುನ ಇಬ್ಬರೂ ಚಿರೊನ ಸಮಾಧಿಗೆ ಹೂವಿಡಲು ಹೊರಟರು. ಚಿರೊನ ಟೋಪಿಯನ್ನೂ ಎತ್ತೋರೆಯ ತಲೆಗಿಟ್ಟು ಬೀಳ್ಕೊಟ್ಟರು. ಅವನು ಓಡಿದ. ಆ ವಿಗ್ರಹವಿದ್ದ ಪ್ರಾರ್ಥನಾಮಂದಿರದ ಎದುರು ಸಾಲು ಕರಗಿಹೋಗಿತ್ತು. ನೊರೀನಾ ಇರಲಿಲ್ಲ. ಸುತ್ತಮುತ್ತಲ ಓಣಿಗಳಲ್ಲಿ ಹುಡುಕಿದ. ಯಾವ ಓಣಿ ನೋಡಿದರೂ ಆಗಲೇ ನೋಡಿದ ಹಾಗೇ ಇತ್ತು. ದಾರಿ ಕೇಳಿದವರೆಲ್ಲ ಬೇರೆ ಬೇರೆ ಕಡೆ ಕೈ ತೋರಿಸಿದರು, ಒಬ್ಬ ಮಾತ್ರ ಸೂಟು ನೋಡಿ, "ದುಃಖ ಸಹಿಸ್ಕೊರೀ," ಎಂದು ಭುಜ ತಟ್ಟಿದ.

ಸುತ್ತಿ ಸುತ್ತಿ ತಮ್ಮ ಓಣಿಗೆ ಬಂದಾಗ ಅಲ್ಲಿ ಜನವೋ ಜನ. ಮೂಲೆಯ ಮೀನಿನವನು ಏಪ್ರನ್ನಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ.

"ಏನಾಯ್ತು?"

"ಒಬ್ಬಾಂವ ಸತ್ತಾನ್ರಿ. ಉತ್ತರದ ಕಡಿಯಾಂವ. ಹೆಂಡ್ತಿ ಜೋಡಿ ಊರು ನೋಡಾಕ ಬಂದಿದ್ದನಂತ. ಮೂರನೇ ಮಾಳಗಿಯಿಂದ ಬಿದ್ದ. ಪ್ಯಾಂಟು ತಗಡಿನ ಮ್ಯಾಲೆ ಉಳದೈತಿ, ಮನಷ್ಯಾನ್ನ ಆಂಬುಲೆನ್ಸ್‌ನ್ಯಾಗ ಒಯ್ದ್ರು. ನಾನs ಕಣ್ಣಾರೆ ಆಂಬುಲೆನ್ಸ್ ನೋಡೀನಿ."

"ಅಯ್ಯೋ ಪಾಪ! ನಾವೂ ಮೂರನೇ ಮಹಡೀಲೇ ಇದ್ದೀವಿ. ನಮ್ಮ ಕಡೆಯವರೇ ಪಕ್ಕದಲ್ಲಿದ್ರು ಅಂತ ಗೊತ್ತೇ ಆಗ್ಲಿಲ್ಲ ನೋಡಿ." ಎತ್ತೋರೆ ಟೋಪಿ ತೆಗೆದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. "ಒಳ್ಳೇ ಮನುಷ್ಯನಂತಾ?"

"ಭಾಳ ಹಟಮಾರಿ ಅಂತ ಹೆಂಡ್ತಿ ಅಂತಿದ್ಲು."

"ಎಲ್ಲರ ಹೆಂಡ್ತೀರೂ ಹಾಗೇ ಅನ್ನೋದು."

ದೂರದ ಊರಿನಲ್ಲಿ ಒಬ್ಬಂಟಿಯಾದ ಹೆಂಗಸಿಗೆ ಎರಡು ಮಾತು ಹೇಳದೆ ಹೋಗುವುದು ಹೇಗೆ? ಕಪ್ಪು ಸೂಟು ಕಂಡು ಜನ ತಾವಾಗಿಯೇ ದಾರಿ ಬಿಟ್ಟರು. ಮೆಟ್ಟಿಲ ಮೇಲೆ ಕರವಸ್ತ್ರದಲ್ಲಿ ಮುಖ ಹುದುಗಿಸಿ ಕೂತವಳೆದುರು ನಿಂತು, "ಧೈರ್ಯ ತಂದ್ಕೊಳ್ಳಿ ತಾಯಿ," ಎಂದ.

ಅವಳು ಮುಖ ಎತ್ತಿದಳು. ನೊರೀನಾ.

ಒಂದು ಕ್ಷಣ ಯಾರು ಬದುಕಿದ್ದಾರೆ, ಯಾರು ಸತ್ತಿದ್ದಾರೆ ಎಂಬುದು ಇಬ್ಬರಿಗೂ ಸ್ಪಷ್ಟವಾಗಲಿಲ್ಲ. ನೊರೀನಾ ಕಿರುಚಿ ಅವನನ್ನು ಬಿಗಿದಪ್ಪಿದಳು, ಕೈ ಸಡಿಲಿಸಿ ಕೆನ್ನೆಗೆ ಒಂದು ಬಿಟ್ಟಳು, ಮತ್ತೆ ಅಪ್ಪಿದಳು.

"ಎಷ್ಟು ಫೋನ್ ಮಾಡಿದೆ! ಬಾಗಿಲು ಬಡಿದೆ. ಮೆಟ್ಟಿಲ ಕಿಟಕೀಲಿ ಬಗ್ಗಿ ನೋಡಿದ್ರೆ ನಿನ್ನ ಪ್ಯಾಂಟು... ಜನ ಆಂಬುಲೆನ್ಸು ಅಂದ್ರು..." ಅವಳ ದನಿ ಕುಸಿಯಿತು. "ಮುಖ ತೋರಿಸ್ಬೇಡ ಅಂದೆನಲ್ಲ, ಅದೇ ನಮ್ಮ ಕೊನೇ ಮಾತಾಯ್ತಾ ಅಂತ ಕರುಳು ಕಿತ್ತು ಬಂತು ಕಣೋ."

ಆ ಆಂಬುಲೆನ್ಸು ಬಂದದ್ದು ಪಕ್ಕದ ಕಟ್ಟಡದ ಬಸುರಿಗಾಗಿ ಎಂದು ಆಮೇಲೆ ತಿಳಿಯಿತು. ಜನ ಕುಣಿದರು. ಸಮಾಧಿಯಿಂದ ಮರಳಿದ ಅಸುಂತಾ, ತನ್ನ ಗಂಡನ ಸೂಟೇ ಇವನನ್ನು ಉಳಿಸಿತೆಂದು ಸಾರಿ, ಇಡೀ ಓಣಿಗೆ ಅಡುಗೆಗಿಟ್ಟಳು. ಎಂದೂ ಗುಂಪು ಸೇರದ ಎತ್ತೋರೆಗೂ ಅಂದು ಬದುಕಿರುವುದು ಹಿತವೆನಿಸಿತು.

ಸಂಜೆ ಎಲ್ಲರೂ ಊಟಕ್ಕೆ ಕೂರುವ ಹೊತ್ತಿಗೆ ಕಪ್ಪು ಬಟ್ಟೆಯ ಒಂದು ತಂಡ ಮೆಟ್ಟಿಲೇರಿ ಬಂತು. ಮುಂದೆ ನೊರೀನಾಳ ಅಣ್ಣ ಬರ್ತೋಲೊ, ಹಿಂದೆ ಚಿಕ್ಕಮ್ಮ, ಅವರ ಹಿಂದೆ ಫೆರಾರಾದ ಬಳಗವೆಲ್ಲ.

"ಅಯ್ಯೋ!" ನೊರೀನಾ ನಾಲಿಗೆ ಕಚ್ಚಿಕೊಂಡಳು. "ನೀನು ಸತ್ತೆ ಅಂತ ಊರಿಗೆ ಫೋನ್ ಮಾಡಿದ್ದೆ. ಬದುಕಿದ್ದೀಯ ಅಂತ ಹೇಳೋದು ಮರೆತೇಬಿಟ್ಟೆ."

ಬರ್ತೋಲೊ ಎತ್ತೋರೆಯನ್ನು ದಿಟ್ಟಿಸಿದ. "ಅಂದ್ರೆ, ನೀನು ಸತ್ತಿಲ್ಲವಾ?"

"ಇಲ್ಲ."

"ಒಂದ್ಸಲನಾದ್ರೂ ಸರಿಯಾಗಿ ವಿಚಾರಿಸಿ ಹೇಳ್ಬಾರ್ದಾ? ರಜೆ ಹಾಕಿ ಓಡಿ ಬಂದಿದ್ದೀವಿ!" ಎಂದು ತಂಗಿಯ ಕಡೆ ತಿರುಗಿದ.

"ನಾನು ತಲೆಗೆ ಅರ್ಧ ಬಣ್ಣ ಹಚ್ಕೊಂಡು ಹಾಗೇ ಬಂದೆ," ಎಂದು ಚಿಕ್ಕಮ್ಮ ಟೋಪಿ ತೆಗೆದು ಸಾಕ್ಷಿ ತೋರಿಸಿದಳು.

ಎತ್ತೋರೆ ಎಲ್ಲರಲ್ಲೂ ಕ್ಷಮೆ ಕೇಳಿದ. ಅಷ್ಟರಲ್ಲಿ ಬರ್ತೋಲೊನ ಫೋನು ಹೊಡೆದುಕೊಂಡಿತು. ಎತ್ತೋರೆಯ ಕಚೇರಿಯ ಮೇಲಧಿಕಾರಿ. "ಇವರಿಗೆ ಸುದ್ದಿ ಮುಟ್ಟಿಸಿದ್ದು ನಾನೇ. ಈಗ ನೀನೇ ಹೇಳು, ನಂಗೆ ನಾಚಿಕೆ," ಎಂದು ಬರ್ತೋಲೊ ಫೋನು ದಾಟಿಸಿದ.

"ಸಾರ್, ನಾನು ಎತ್ತೋರೆ."



"ಎತ್ತೋರೆನಾ? ಬದುಕಿದ್ದೀರಾ?"

"ಹೌದು ಸಾರ್, ದೇವರ ದಯೆ."

"ಒಳ್ಳೇದಾಯ್ತು, ಒಳ್ಳೇದಾಯ್ತು..." ಅವರು ಗಂಟಲು ಸರಿಮಾಡಿಕೊಂಡರು. "ಆದ್ರೆ ನೋಡಿ, ಕಿಟಕಿ ಪಕ್ಕದ ನಿಮ್ಮ ಜಾಗಾನ ಮಧ್ಯಾಹ್ನವೇ ಬೇರೆಯವರಿಗೆ ಕೊಟ್ಟುಬಿಟ್ಟೆ. ಅವರು ಹೂಕುಂಡನೂ ತಂದಿಟ್ಕೊಂಡ್ರು. ಈಗ ಏಳಿ ಅನ್ನೋದು ಹೇಗೆ? ನೀವು ಬನ್ನಿ. ಪಾಯಿಖಾನೆ ಪಕ್ಕ ಎಲ್ಲಾದ್ರೂ ಒಂದು ಕುರ್ಚಿ ಹಾಕಿಸೋಣ."