ಟವೆಲ್ ತೆಗೆದ ಮೇಲೆ

ನನ್ನ ಮುಖದ ಬಗ್ಗೆ ನನಗೆ ಯಾವತ್ತೂ ತಕರಾರು ಇರಲಿಲ್ಲ. ಊಟಕ್ಕೆ ಬಾಯಿ, ಕನ್ನಡಕ ನಿಲ್ಲಿಸಲು ಮೂಗು, ಹೆಂಡತಿಯ ಮಾತು ಕೇಳಲು ಎರಡು ಕಿವಿ (ಒಂದರಿಂದ ಒಳಗೆ, ಇನ್ನೊಂದರಿಂದ ಹೊರಗೆ), ಎಲ್ಲವೂ ಇರಬೇಕಾದ ಜಾಗದಲ್ಲೇ ಇದ್ದವು. ಇದೇ ಮುಖ ಇಟ್ಟುಕೊಂಡು ಮದುವೆಯಾದೆ, ಇದೇ ಮುಖ ಇಟ್ಟುಕೊಂಡು ನೀರಿನ ಬಿಲ್ಲು ಕಟ್ಟಿಸಿಕೊಳ್ಳುವ ಕೌಂಟರಿನಲ್ಲಿ ತಲೆಗೂದಲು ಉದುರುವವರೆಗೆ ಕೂತೆ. ಅದನ್ನೂ ಒಬ್ಬರು ನನ್ನಿಂದ ಕಿತ್ತುಕೊಳ್ಳಬಹುದು ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಕಿತ್ತುಕೊಂಡದ್ದು ಅರ್ಧ ನಿಮಿಷದ ಒಂದು ರೀಲ್ಸು.

ನನ್ನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಎದುರು ಸಾಲಿನಲ್ಲಿ ಎಸಿ ಹಾಕಿದ ಹೊಸ ಪಾರ್ಲರ್ ಬಂದ ಮೇಲೆ ಇವಳ ಕುರ್ಚಿಯಲ್ಲಿ ಕೂರುತ್ತಿದ್ದದ್ದು ಪಕ್ಕದ ಮನೆಯ ಬೆಕ್ಕು ಮಾತ್ರ. (ಅದೂ ತಾನೇ ಮುಖ ತೊಳೆದುಕೊಳ್ಳುತ್ತಿತ್ತು.) "ಹೀಗೇ ಆದ್ರೆ ಬೋರ್ಡ್ ಇಳಿಸಿಬಿಡ್ತೀನಿ ಕಣ್ರೀ" ಎಂದು ಅವಳು ಕಣ್ಣಲ್ಲಿ ನೀರು ತಂದುಕೊಂಡಾಗ ನನಗೂ ಕರುಳು ಚುರ್ ಎಂದಿತು. ಆಗ ಬಾಯಿ ಹಾಕಿದವನು ನನ್ನ ಭಾಮೈದ. ಕೆಲಸ ಹುಡುಕುತ್ತೇನೆಂದು ನಮ್ಮ ಮನೆಗೆ ಬಂದು ಕನ್ನಡಿ ಮಾತ್ರ ಹುಡುಕಿಕೊಂಡವನು. ಹಾಳಾದವನು ನೋಡಲು ಚೆನ್ನಾಗಿದ್ದಾನೆ, ಸುಳ್ಳು ಯಾಕೆ ಹೇಳಲಿ.

"ಅಕ್ಕ, ಈಗ ಬೋರ್ಡ್ ನೋಡಿ ಯಾರೂ ಬರಲ್ಲ, ಮೊಬೈಲ್ ನೋಡಿ ಬರ್ತಾರೆ. ಒಂದು ರೀಲ್ಸ್ ಮಾಡೋಣ. ಮೊದಲು ಹೇಗಿದ್ರು, ಆಮೇಲೆ ಹೇಗಾದ್ರು, ಅಷ್ಟೇ."

"ಮೊದಲು ಅನ್ನೋದಕ್ಕೆ ಯಾರೋ ಸಿಕ್ತಾರೆ? ಅಂಥ ಮುಖ ಇರೋರು ತೋರಿಸೋಕೆ ಒಪ್ಪಬೇಕಲ್ಲ."

ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

ಭಾನುವಾರ ನನ್ನನ್ನು ಪಾರ್ಲರಿನ ಕುರ್ಚಿಯಲ್ಲಿ ಪ್ರತಿಷ್ಠಾಪಿಸಿದರು. ಭಾಮೈದ ಮೊಬೈಲು ಹಿಡಿದು, "ಭಾವ, ಸ್ವಲ್ಪ ಸಪ್ಪಗೆ ಕೂತ್ಕೊಳ್ಳಿ" ಎಂದ.

"ನಾನೀಗ ನಗ್ತಾ ಇದ್ದೀನಿ ಕಣಯ್ಯ."

"ಹಾಗಾದ್ರೆ ಇದೇ ಸಾಕು."

ಹೆಂಡತಿ ಅಂಗಡಿಯಲ್ಲಿದ್ದ ಕ್ರೀಮು, ಲೇಪ, ಎಣ್ಣೆ ಎಲ್ಲವನ್ನೂ ನನ್ನ ಮೇಲೆ ಪ್ರಯೋಗಿಸಿದಳು. ಬಿಸಿ ಟವೆಲ್ ಮುಚ್ಚಿದಳು, ತೆಗೆದಳು. ನಾನು ಹೇಗಿದ್ದೆನೋ ಹಾಗೇ ಇದ್ದೆ, ಸ್ವಲ್ಪ ಒದ್ದೆಯಾಗಿದ್ದೆ ಅಷ್ಟೇ. ಇನ್ನೊಂದು ಸಲ ಹಚ್ಚಿದರೂ ಅದೇ ಪಾಡು. ಕೊನೆಗೆ ಭಾಮೈದ ನನ್ನ ಅಂಗಿ ಬಿಚ್ಚಿಸಿ ತಾನು ಹಾಕಿಕೊಂಡು, ಅದೇ ಟವೆಲ್ ಮುಖಕ್ಕೆ ಮುಚ್ಚಿಕೊಂಡು ಕೂತ. "ತಮಾಷೆಗೆ ಅಕ್ಕ, ಜನ ನಕ್ಕೊಂಡು ನೋಡ್ತಾರೆ" ಎಂದ. ವಿಡಿಯೋದಲ್ಲಿ ಮೊದಲು ನಾನು, ಆಮೇಲೆ ಟವೆಲ್, ಟವೆಲ್ ತೆಗೆದರೆ ಅವನು.

ಜನ ನಗಲಿಲ್ಲ, ನಂಬಿದರು.

ಮರುದಿನ ಬೆಳಿಗ್ಗೆ ನೋಡಿದರೆ ಬೀದಿಯ ತಿರುವಿನವರೆಗೆ ಕ್ಯೂ. ಹೆಂಗಸರು ಗಂಡಂದಿರ ರಟ್ಟೆ ಹಿಡಿದುಕೊಂಡು ನಿಂತಿದ್ದರು. ಮುಂದಿದ್ದಾಕೆ ತನ್ನ ಗಂಡನನ್ನು ಒಳಗೆ ದೂಡಿ, "ಇವರನ್ನೂ ನಿಮ್ಮ ಯಜಮಾನರ ಥರ ಮಾಡಿಕೊಡಿ. ಎತ್ತರ ಅಷ್ಟು ಬೇಡ, ನಮ್ಮನೆ ಬಾಗಿಲು ಗಿಡ್ಡ" ಎಂದಳು. ಹೆಂಡತಿ ನಿಜ ಹೇಳಲು ಬಾಯಿ ತೆರೆದಳು. ಕ್ಯೂ ಎಲ್ಲಿಯವರೆಗಿದೆ ಎಂದು ಬಗ್ಗಿ ನೋಡಿ ಮುಚ್ಚಿಕೊಂಡಳು.

ಅಂದಿನಿಂದ ನನಗೆ ಹಿಂದಿನ ಬಾಗಿಲೇ ಗತಿ. ನನ್ನ ಅಸಲಿ ಮುಖ ಗಿರಾಕಿಗಳ ಕಣ್ಣಿಗೆ ಬೀಳದಂತೆ ತಲೆಗೊಂದು ಹೆಲ್ಮೆಟ್ ಹಾಕಿ ಕಚೇರಿಗೆ ಕಳಿಸಿದರು. ನನ್ನ ಬಳಿ ಸ್ಕೂಟರ್ ಇಲ್ಲ. ಹೆಲ್ಮೆಟ್ ಹಾಕಿಕೊಂಡು ಫುಟ್‌ಪಾತಿನಲ್ಲಿ ನಡೆದು ಹೋಗುವವನ ಮರ್ಯಾದೆ ಎಷ್ಟಿರುತ್ತದೆ, ನೀವೇ ಯೋಚಿಸಿ.

ಕಚೇರಿಯಲ್ಲಿ ಹೆಲ್ಮೆಟ್ ತೆಗೆದ ಕೂಡಲೇ ಮ್ಯಾನೇಜರು ಹುಬ್ಬು ಗಂಟಿಕ್ಕಿದರು.

"ಯಾರ್ರೀ ನೀವು? ನಮ್ಮ ಗುಮಾಸ್ತರ ಕುರ್ಚೀಲಿ ಕೂತಿದ್ದೀರಲ್ಲ."

"ಸಾರ್, ನಾನೇ ಸಾರ್ ಗುಮಾಸ್ತ."

"ಅವರೀಗ ಹೇಗಾಗಿದ್ದಾರೆ ಅಂತ ವಿಡಿಯೋದಲ್ಲಿ ನಾನೇ ನೋಡಿದ್ದೀನಿ. ಎದ್ದೇಳಿ."

ಗುರುತಿನ ಚೀಟಿ ತೋರಿಸಿದೆ. "ಅವರ ಹಳೇ ಫೋಟೋ ಹಿಡ್ಕೊಂಡು ಬೇರೆ ಬಂದಿದ್ದೀರಾ" ಎಂದು ಇನ್ನಷ್ಟು ಸಿಟ್ಟಾದರು. ಅದೇ ಹೊತ್ತಿಗೆ ನಾನು ಮರೆತು ಬಂದಿದ್ದ ಊಟದ ಡಬ್ಬಿ ಹಿಡಿದುಕೊಂಡು ಭಾಮೈದ ಬರಬೇಕೇ. ಇಡೀ ಕಚೇರಿ ಎದ್ದು ನಿಂತಿತು. ಅವನನ್ನು ಕೈಹಿಡಿದು ನನ್ನ ಕುರ್ಚಿಯಲ್ಲಿ ಕೂರಿಸಿ, ನನ್ನ ಡಬ್ಬಿಯನ್ನು ಅವನೆದುರೇ ಬಿಚ್ಚಿಟ್ಟರು. ನಾನು ಹೊರಗೆ ನಿಂತು ಕಿಂಡಿಯಲ್ಲಿ ನೋಡಿದೆ. ಜನ್ಮದಲ್ಲಿ ಕೆಲಸ ಮಾಡದವನು ಎಲ್ಲರಿಗೂ ಹಲ್ಲು ಕಿರಿಯುತ್ತ ರಸೀದಿ ಹರಿದು ಕೊಡುತ್ತಿದ್ದ, ಒಬ್ಬರೂ ಜಗಳ ಆಡಲಿಲ್ಲ.

ಕಚೇರಿ ಹೋದರೆ ಹೋಗಲಿ, ಮನೆ ಇದೆಯಲ್ಲ ಎಂದುಕೊಂಡು ಬಂದೆ. ಸಂಜೆ ನನ್ನ ತಟ್ಟೆಯ ಮುಂದೆಯೂ ಅವನೇ ಕೂತಿದ್ದ. ನನ್ನ ಹೆತ್ತ ತಾಯಿ ಅವನಿಗೆ ಎರಡನೇ ಸಲ ಬಡಿಸುತ್ತಿದ್ದಳು.

"ಹಾಕ್ಕೋ ಮಗಾ. ಚಿಕ್ಕವನಿದ್ದಾಗ ನೀನು ಹೀಗೇ ಇದ್ದೆ. ನಡುವೆ ಅದೇನಾಗಿತ್ತೋ."

"ಹೂಂ ಅಮ್ಮ" ಎಂದ ಆ ದ್ರೋಹಿ, ಬಾಯಿ ತುಂಬ ತುತ್ತು ಇಟ್ಟುಕೊಂಡು.

"ಅಮ್ಮ, ನಿನ್ನ ಮಗ ನಾನು" ಎಂದೆ.

ಅಮ್ಮ ನನ್ನ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು. "ಹೆಲ್ಮೆಟ್ ಹಾಕ್ಕೊಂಡು ಓಡಾಡೋನು ತಾನೇ? ಹಿತ್ತಲಲ್ಲಿ ಕೂತ್ಕೋಪ್ಪ, ಉಳಿದಿದ್ರೆ ಕೊಡ್ತೀನಿ."

ಅಮ್ಮನ ಕನ್ನಡಕ ಒಡೆದು, ಹೊಸದು ಮಾಡಲು ಕೊಟ್ಟಿದ್ದೆವು. ಹೊಸದು ಬರಲಿ, ಹೆತ್ತ ಕರುಳು ಗುರುತು ಹಿಡಿಯದೆ ಇರುತ್ತದೆಯೇ ಎಂದು ಸಮಾಧಾನ ಮಾಡಿಕೊಂಡೆ. ಆದರೂ ಹಿತ್ತಲಿನ ಕಲ್ಲಿನ ಮೇಲೆ ಕೂತು ತಣ್ಣಗಿನ ಅನ್ನ ಕಲಸುವಾಗ ಸಂಕಟವಾಯಿತು. ಪಾತ್ರೆ ತೊಳೆಯಲು ಬಂದ ಹೆಂಡತಿಯನ್ನು ಅಲ್ಲೇ ಹಿಡಿದೆ.

"ಇನ್ನು ಸಾಕು. ನಾಳೆ ಎಲ್ಲರ ಎದುರು ನಿಜ ಹೇಳ್ತೀನಿ."

"ಹೇಳಿ. ಹಾಗೇ ಬೋರ್ಡ್ ಇಳಿಸೋಕೆ ಏಣಿನೂ ನೀವೇ ಹಿಡ್ಕೊಳ್ಳಿ."

"ನಿನಗೆ ಗಂಡ ಬೇಕೋ ಪಾರ್ಲರ್ ಬೇಕೋ?"

"ಕೈ ತುಂಬ ಕೆಲಸ ಇರೋ ಹೊತ್ತಲ್ಲಿ ಇಂಥ ಕಷ್ಟದ ಪ್ರಶ್ನೆ ಕೇಳ್ತೀರಲ್ಲ" ಎಂದು ಅವಳು ನಿಜವಾಗಿಯೂ ಯೋಚನೆಗೆ ಬಿದ್ದಳು. ಅವಳು ಯೋಚಿಸಿದ್ದಕ್ಕೆ ನನಗೆ ಇನ್ನೂ ಬೇಜಾರಾಯಿತು.

ನಾಳೆ ನಾಳೆ ಎನ್ನುತ್ತ ಒಂದು ವಾರ ಕಳೆದ ಮೇಲೆ, ಪಾರ್ಲರ್ ತುಂಬಿ ತುಳುಕುತ್ತಿದ್ದಾಗ ಪರದೆ ಸರಿಸಿ ಒಳಗೆ ನುಗ್ಗಿದೆ. ಹೆಲ್ಮೆಟ್ ಕಿತ್ತು ನೆಲಕ್ಕಿಟ್ಟೆ. "ನೋಡಿ, ಈಕೆಯ ಗಂಡ ನಾನು. ನನ್ನ ಮುಖ ಇದೇ" ಎಂದು ಘೋಷಿಸಿದೆ.

ಮುಖಕ್ಕೆ ಲೇಪ ಮೆತ್ತಿಸಿಕೊಂಡಿದ್ದವರೆಲ್ಲ ಎದ್ದು ಕೂತರು. ಒಬ್ಬಾಕೆ ಎದೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ, ಇಳಿದುಹೋಯ್ತಾ?" ಎಂದಳು. ಇಳಿದುಹೋಯಿತಂತೆ, ಇಳಿದುಹೋಯಿತಂತೆ ಎಂದು ಕ್ಯೂನ ಕೊನೆಯವರೆಗೆ ಸುದ್ದಿ ಹಬ್ಬಿತು. ಇವಳ ಪಾರ್ಲರ್ ಇವತ್ತಿಗೆ ಮುಗಿಯಿತು ಎಂದು ನನಗೇ ಭಯವಾಯಿತು.

ಹೆಂಡತಿ ಮಾತ್ರ ಕೈಯಲ್ಲಿದ್ದ ಬಟ್ಟಲು ಕೆಳಗಿಡಲಿಲ್ಲ. ಒಂದು ದೊಡ್ಡ ನಿಟ್ಟುಸಿರು ಬಿಟ್ಟಳು.

"ನೋಡಿದ್ರಲ್ಲ. ಒಂದೇ ಒಂದು ವಾರ ತಪ್ಪಿಸಿದ್ರು ಇವರು. ತಪ್ಪದೆ ಕೂತ್ಕೊಳ್ಳಿ ಅಂತ ಬಡ್ಕೊಂಡೆ, ಕೇಳಲಿಲ್ಲ. ಮಧ್ಯದಲ್ಲಿ ಬಿಟ್ರೆ ಹೀಗೇ ಆಗೋದು."

ಎಲ್ಲರೂ ನನ್ನನ್ನು ದಿಟ್ಟಿಸಿ ನೋಡಿದರು. ಸಾಯಂಕಾಲದೊಳಗೆ ಇಡೀ ಬೀದಿ ಪ್ರತಿ ವಾರಕ್ಕೂ ಹೆಸರು ಬರೆಸಿಕೊಂಡಿತು. ಎಸಿ ಪಾರ್ಲರಿನವಳೂ ತನ್ನ ಗಂಡನಿಗೆ ಮುಸುಕು ಹಾಕಿಸಿ ಕರೆತಂದಳು.

ಈಗ ನಾನು ಪಾರ್ಲರಿನ ಗಾಜಿನ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂರುತ್ತೇನೆ. ನನ್ನ ಕೊರಳಿಗೆ 'ಮಧ್ಯದಲ್ಲಿ ಬಿಟ್ಟವರು' ಎಂಬ ಫಲಕವಿದೆ. ಹೊಸ ರೀಲ್ಸಿನಲ್ಲಿ ಮೊದಲು ಭಾಮೈದ, ಆಮೇಲೆ ಟವೆಲ್, ಟವೆಲ್ ತೆಗೆದರೆ ನಾನು. ಕಚೇರಿಯನ್ನು ಅವನೇ ನೋಡಿಕೊಳ್ಳುತ್ತಿದ್ದಾನೆ, ಬಡ್ತಿಯ ಮಾತು ಬೇರೆ ನಡೆದಿದೆಯಂತೆ.

ನಿನ್ನೆ ಅಮ್ಮನ ಹೊಸ ಕನ್ನಡಕ ಬಂತು. ಅದನ್ನು ಹಾಕಿಕೊಂಡು ಅವಳು ಮೊದಲು ಬಂದದ್ದೇ ನನ್ನ ಹತ್ತಿರ. ನನ್ನ ಗಲ್ಲ ಹಿಡಿದೆತ್ತಿ ಅಡಿಯಿಂದ ಮುಡಿಯವರೆಗೆ ನೋಡಿದಳು. ನನ್ನ ಕಣ್ಣು ತುಂಬಿ ಬಂತು. ಅಮ್ಮನ ಕಣ್ಣೂ ಒದ್ದೆಯಾಯಿತು.

"ಯಾವ ತಾಯಿ ಹೆತ್ತ ಮಗನೋ, ಪಾಪ" ಎಂದು ಸೊಸೆಯ ಕಡೆ ತಿರುಗಿದಳು. "ನಮ್ಮ ಹುಡುಗನಿಗೆ ಮಾಡಿದ್ಯಲ್ಲ, ಇವನಿಗೂ ಒಂದು ಸಲ ಮಾಡಿಬಿಡಮ್ಮ, ಪುಣ್ಯ ಬರುತ್ತೆ."

ಹೆಂಡತಿ ಟವೆಲ್ ಹಿಂಡುತ್ತ ಹೇಳಿದಳು: "ಎರಡು ಸಲ ಮಾಡಿ ನೋಡಿದೀನಿ ಅತ್ತೆ. ಇದಕ್ಕೆ ಏನೂ ಹತ್ತೋದಿಲ್ಲ."