ಸಂಜೆ ಐದರವರೆಗೆ ಮಾಲೀಕರು ಬಿಜಿ

ಕೆಲಸದ ಹೊತ್ತಿನಲ್ಲಿ ಫೋನ್ ಚಟ ಬಿಡುವುದು ಬಹಳ ಸುಲಭ. ನನ್ನನ್ನು ಕೇಳಿ. ಪೀಣ್ಯಕ್ಕೆ ಬರಿಗೈಯಲ್ಲಿ ಬಂದು, ಚೌಕಾಶಿ ಮಾಡಿಯೇ ಕಬ್ಬಿಣ ಕಡೆಯುವ ಒಂದು ಲೇತ್ ಶೆಡ್ಡು, ಅದರ ಮೇಲೊಂದು ಮನೆ ಮಾಡಿಕೊಂಡವನು ನಾನು. ಮೀನು ಹುರಿಯುವ ರೀಲ್ಸ್ ನೋಡುತ್ತಾ ಒಂದು ಶಾಫ್ಟನ್ನು ಅಗರಬತ್ತಿಯಷ್ಟು ತೆಳ್ಳಗೆ ಸವೆಸಿದ ದಿನ ಘೋರ ಪ್ರತಿಜ್ಞೆ ಮಾಡಿದೆ. ಮರುದಿನ ಬೆಳಿಗ್ಗೆ ಫೋನನ್ನು ಹೆಂಡತಿ ಸುಜಾತಳಿಗೆ ಒಪ್ಪಿಸಿದೆ.

"ಸಂಜೆ ಐದರ ತನಕ ಕೊಡಬೇಡ. ಕಾಲಿಗೆ ಬಿದ್ರೂ ಕೊಡಬೇಡ."

"ಯಾರಾದ್ರೂ ಫೋನ್ ಮಾಡಿದ್ರೆ?"

"ಮಾಲೀಕರು ಬಿಜಿ ಅನ್ನು, ಸಾಕು."

"ಆಮೇಲೆ ಗೋಳಾಡ್ಬಾರ್ದು ಮತ್ತೆ."

"ನಾನಾ? ಗೋಳಾಡೋದಾ!"

ಮೊದಲ ಒಂದು ಗಂಟೆ ನನ್ನ ಏಕಾಗ್ರತೆ ಋಷಿಗಳಿಗೂ ಹೊಟ್ಟೆಕಿಚ್ಚು ತರಿಸುವಂತಿತ್ತು. ಪಕ್ಕದ ಶೆಡ್ಡಿನ ರಾಜಣ್ಣನಿಗೆ ಈ ಬಗ್ಗೆ ಉಚಿತ ಉಪನ್ಯಾಸವನ್ನೂ ಕೊಟ್ಟೆ. ಆಮೇಲೆ ಕೈ ತಾನಾಗಿ ಜೇಬಿಗೆ ಹೋಗತೊಡಗಿತು. ಬೇರೇನೂ ಸಿಗದೆ ಕ್ಯಾಲ್ಕುಲೇಟರನ್ನು ಹಿಡಿದು, ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತಾ ಕುಳಿತೆ. ಅದು ಸೊನ್ನೆಯನ್ನೇ ತೋರಿಸುತ್ತಿತ್ತು!

ಆಗ ಥಟ್ಟನೆ ನೆನಪಾಯಿತು. ಬೊಮ್ಮನಹಳ್ಳಿಯ ಗಿರಾಕಿಯೊಬ್ಬರು ಇಡೀ ವರ್ಷದ ಆರ್ಡರಿನ ರೇಟನ್ನು ಇವತ್ತೇ ಫೋನಿನಲ್ಲಿ ಮುಗಿಸೋಣ ಎಂದಿದ್ದರು. ಇಲ್ಲವಾದರೆ ಆರ್ಡರ್ ಬೇರೆ ಶೆಡ್ಡಿಗೆ! ಮೆಟ್ಟಿಲು ಹತ್ತಿ ಓಡಿದೆ. ಒಳಗಿನಿಂದ ಚಿಲಕ ಹಾಕಿತ್ತು.

"ಸುಜಾತಾ, ಎರಡೇ ನಿಮಿಷ ಕೊಡೇ!"

"ಐದಾಗ್ಲಿ."

"ಹೋಗ್ಲಿ, ನೀನೇ ಹಿಡ್ಕೊ. ನಾನು ಕಿಟಕಿಯಿಂದ ಮಾತಾಡ್ತೀನಿ."

"ರೀ, ಸುಮ್ನೆ ಹೋಗಿ ಕೆಲಸ ನೋಡಿ."

ಜೀವಮಾನದ ಚೌಕಾಶಿಯೆಲ್ಲ ಬಾಗಿಲಾಚೆಯೇ ಉಳಿಯಿತು. ಕೆಳಗಿಳಿದು ರಾಜಣ್ಣನ ಫೋನ್ ಕಸಿದುಕೊಂಡೆ. ಆದರೆ ಗಿರಾಕಿಗಳ ನಂಬರ್ ಈಗ ಯಾರಿಗೆ ನೆನಪಿರುತ್ತದೆ? ನನಗೆ ಬಾಯಿಪಾಠವಿದ್ದದ್ದು ನನ್ನದೊಂದೇ. ಆ ನಂಬರಿಗೇ ಫೋನ್ ಮಾಡಿದೆ.

"ಮಾಲೀಕರು ಬಿಜಿ ಸಾರ್, ಐದರ ಮೇಲೆ ಮಾಡಿ."

"ಏಯ್, ನಾನೇ ಕಣೇ ಮಾಲೀಕ!"

"ಹಾಗಾದ್ರೆ ಬಿಜಿಯಾಗಿರಿ!" ಕಟ್!

ರಾಜಣ್ಣ ಫೋನ್ ವಾಪಸ್ ತೆಗೆದುಕೊಂಡು, "ಉಪನ್ಯಾಸ ಎಲ್ಲಿಗೆ ನಿಂತಿತ್ತು ಗುರು?" ಎಂದ.

ಐದಕ್ಕೆ ಫೋನ್ ಕೈಸೇರಿದ್ದೇ ತಡ, ಗಿರಾಕಿಗೆ ಕರೆ ಮಾಡಿ ಒಂದೇ ಉಸಿರಿಗೆ, "ತಪ್ಪಾಯ್ತು ಸಾರ್, ಆರ್ಡರ್ ಬೇರೆ ಕಡೆ ಕೊಡ್ಬೇಡಿ, ರೇಟ್ ಇಳಿಸ್ತೀನಿ!" ಎಂದೆ.

ಆ ಕಡೆಯಿಂದ ಗಿರಾಕಿ ಅಂದರು:

"ಅಲ್ಲ ಸಾರ್, ಬೆಳಿಗ್ಗೆನೇ ಮಾಡಿದ್ದೆ. ಮಾಲೀಕರು ಬಿಜಿ, ರೇಟು ಹಳೇದೇ, ಇಳಿಸಲ್ಲ ಅಂದ್ರು ಮೇಡಂ. ದಿನಾ ಮೊದಲ ರಿಂಗಿಗೇ ಎತ್ತೋರು ಇಷ್ಟು ಬಿಜಿ ಅಂದ್ರೆ ಕೆಲಸ ಜೋರಾಗಿದೆ ಅಂತ ನಾನೂ ಒಪ್ಕೊಂಡೆ. ಈಗ ನೀವಾಗೇ ಇಳಿಸಿದ್ರೆ ಬೇಡ ಅಂತೀನಾ?"

ಸುಜಾತ ಫೋನ್ ಕಿತ್ತುಕೊಂಡಳು. "ಸಾರ್, ಇವ್ರಿಗೆ ಬೆಳಿಗ್ಗೆಯಿಂದ ಫೋನಿಲ್ದೆ ತಲೆ ಕೆಟ್ಟಿದೆ. ನಾನು ಹೇಳಿದ್ದೇ ರೇಟು." ಅವರು ನಕ್ಕು ಒಪ್ಪಿದರು.

ಆರ್ಡರ್ ಉಳಿಯಿತು. ಅಂದಿನಿಂದ ಫೋನ್ ಪಕ್ಕದಲ್ಲೇ ಇದ್ದರೂ ನನ್ನ ಗಮನ ಲೇತಿನಿಂದ ಕದಲುವ ಪ್ರಮೇಯವೇ ಬಂದಿಲ್ಲ. ಎತ್ತಿ "ಹಲೋ" ಎಂದರೆ ಸಾಕು, ಆ ಕಡೆಯಿಂದ ಬರುವುದು ಒಂದೇ ಮಾತು:

"ಸ್ವಲ್ಪ ಮೇಡಂಗೆ ಕೊಡಪ್ಪ!"